ಚೋಕ್ ಗುಂಡಿ ಮಾಡಿದ ಗಲಾಟೆ

ನಾನು ಮದುವೆಯಾಗಿ ಬಂದಾಗ ಮಾವನೋರ ಹತ್ರ ಪ್ರೀಮಿಯರ್ ಪದ್ಮಿನಿ ಕಾರಿತ್ತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗ್ತಿದ್ದ ಫಿಯಟ್ 1100 ಗಾಡಿಗೇ 1974ರ ಸುಮಾರಿಗೆ ಪದ್ಮಿನಿ ಅಂತ ಹೆಸರು ಬಂದಿದ್ದು. ನಮ್ಮ ಆಲೂರು ಕಡೆಯೋರಿಗೆ ಮಾತ್ರ ಅದು ಕೊನೇವರೆಗೂ ‘ಪಿಯಟ್ಟೇ’.

ಮಳೆಗಾಲದ ಚಳೀಲಿ ಚೋಕ್ ಎಳೀದೆ ಸ್ಟಾರ್ಟ್ ಆಗ್ತಿರ್ಲಿಲ್ಲ. ಎಳೆದ್ರೆ ಕಾರ್ಬುರೇಟರಿಗೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತೆ, ಇಂಜಿನ್ ಜೋರಾಗಿ ತಿರುಗುತ್ತೆ. ಬಿಸಿಯಾದ ಮೇಲೆ ಗುಂಡಿ ಒಳಗೆ ತಳ್ಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿಡೋ ಕೆಲಸ ನಂದು.

ಒಂದಿನ ಸಕಲೇಶಪುರಕ್ಕೆ ಹೊರಟ್ವಿ. ಬಾಳ್ಳುಪೇಟೆ ದಾಟಿದ್ರೂ, ಆಕ್ಸಿಲರೇಟರಿಂದ ಕಾಲು ತೆಗೆದ್ರೂ ಇಂಜಿನ್ ಬೊಬ್ಬೆ ಹೊಡೀತಾನೇ ಇತ್ತು. ಡ್ರೈವರ್ ಹುಡುಗ ಡೀಸಲ್ ಜೀಪ್ ಓಡಿಸಿದೋನು, ಚೋಕ್ ಕಂಡೋನಲ್ಲ. ಕ್ಲಚ್ ಸುಟ್ಟಾಕ್ದ ಅಂತ ಮಾವನೋರು ಬೈದು ಸಂಬಳ ಹಿಡಿದ್ರು.

ಕ್ಲಚ್ ಜಾರಿದ್ರೆ ಗೇರಲ್ಲಿರುವಾಗ, ಅದ್ರಲ್ಲೂ ಏರಲ್ಲಿ, ಸದ್ದು ಏರುತ್ತೆ, ಗಾಡಿ ಏರಲ್ಲ. ನಮ್ದು ನ್ಯೂಟ್ರಲ್ಲಲ್ಲಿ ನಿಂತಾಗ್ಲೂ ಕಿರುಚ್ತಿತ್ತು, ಮೇಲೆ ಪೆಟ್ರೋಲ್ ವಾಸನೆ ಬೇರೆ. ಸಂಜೆ ನೋಡ್ತೀನಿ, ಚೋಕ್ ಆಚೆಗೇ ಇದೆ! ತಳ್ಳೋದು ಮರೆತಿದ್ದು ನಾನೇ. ಹೊಸ ಸೊಸೆ, ಹೇಳೋಕೆ ಬಾಯಿ ಬರ್ಲಿಲ್ಲ. ಮೆಲ್ಲಗೆ ತಳ್ಳಿಟ್ಟೆ. ಆ ಹುಡುಗ ತಿಂಗಳು ತುಂಬೋ ಮೊದ್ಲೇ ಕೆಲಸ ಬಿಟ್ಟ.

2000ದಲ್ಲಿ ದೇಶಕ್ಕೆಲ್ಲ ಹೊಗೆ ನಿಯಮ ಬಿಗಿಯಾಯ್ತು. ಹೊಸ ಕಾರುಗಳಿಗೆ ಇಂಜೆಕ್ಷನ್ ಬಂದು ಚೋಕ್ ಗುಂಡಿ ಮಾಯವಾಯ್ತು. ಆದ್ರೂ ನಿಮ್ಮನೇಲಿ ಅಂಥ ಹಳೇ ಗಾಡಿ ಇದ್ರೆ, ಯಾರನ್ನಾದ್ರೂ ಬೈಯೋ ಮುಂಚೆ ಒಂದ್ಸಲ ನ್ಯೂಟ್ರಲ್ ಮಾಡಿ ಕಿವಿಗೊಟ್ಟು ಕೇಳಿ.