ಮನೆ ಅಡವಿಟ್ಟ ಪ್ರಾಂಶುಪಾಲ, ಕುಸ್ತಿ ಆಡಿ ಸಾಲ ತೀರಿಸಿದ ಪೈಲವಾನ

ಕೊಲ್ಹಾಪುರದ ರಾಜಾರಾಮ ಕಾಲೇಜು ಎಂದೊಡನೆ ಕನ್ನಡದ ಓದುಗರಿಗೆ ಮೂವರು ನೆನಪಾಗುತ್ತಾರೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ, ಅಲ್ಲಿ ಮೂರು ದಶಕ ಅರ್ಧಮಾಗಧಿ ಕಲಿಸಿದ ಆ.ನೇ. ಉಪಾಧ್ಯೆ, ಅಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರ, ಧಾರವಾಡದ ಕರ್ನಾಟಕ ಕಾಲೇಜಿಗೆ ಬರುವ ಮೊದಲು ಅಲ್ಲಿ ಪ್ರಾಂಶುಪಾಲರಾಗಿದ್ದ ವಿ.ಕೃ. ಗೋಕಾಕ. 1880ರಲ್ಲಿ ಆರಂಭವಾದ ಈ ಕಾಲೇಜು ಸಾಹಿತ್ಯ, ಸಂಶೋಧನೆಗಳಲ್ಲಿ ನಮ್ಮ ಗಡಿಭಾಗಕ್ಕೆ ಎಷ್ಟು ಕೊಟ್ಟಿದೆ ಎಂಬುದನ್ನು ಬಲ್ಲವರು ಬರೆದಿದ್ದಾರೆ. ಕುಸ್ತಿಗೆ ಅದು ಕೊಟ್ಟದ್ದೂ ಸಣ್ಣದಲ್ಲ. ಸ್ವತಂತ್ರ ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದುಕೊಟ್ಟ ಖಾಶಾಬಾ ದಾದಾಸಾಹೇಬ ಜಾಧವ ಈ ಕಾಲೇಜಿನ ವಿದ್ಯಾರ್ಥಿ. ಕುಸ್ತಿಯನ್ನೇ ಕುರಿತ ಈ ಸಂಚಿಕೆಯಲ್ಲಿ ಆ ಸಂಬಂಧವನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿತು.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡ ತಾಲ್ಲೂಕಿನ ಗೋಳೇಶ್ವರ ಎಂಬ ಸಣ್ಣ ಹಳ್ಳಿಯಲ್ಲಿ. ಕರಾಡ ಎಂದರೆ ಕೃಷ್ಣೆಗೆ ಕೊಯ್ನಾ ಬಂದು ಸೇರುವ ಊರು. ಅಲ್ಲಿಂದ ಕೆಳಗಿಳಿದ ಕೃಷ್ಣೆಯೇ ಮುಂದೆ ನಮ್ಮ ಚಿಕ್ಕೋಡಿ, ಅಥಣಿ ಸೀಮೆಗೆ ಬರುತ್ತಾಳೆ. ತಂದೆ ದಾದಾಸಾಹೇಬರೂ ಪೈಲವಾನರು. ಮಗನಿಗೆ ಐದು ತುಂಬುವ ಹೊತ್ತಿಗೇ ಮಟ್ಟಿಗಿಳಿಸಿದರು. ಓದು ಕರಾಡದ ತಿಲಕ ಹೈಸ್ಕೂಲಿನಲ್ಲಿ. 1942ರ ಚಳವಳಿ ಬಂದಾಗ ಹುಡುಗನಿಗೆ ಹದಿನಾರು ವರ್ಷ. ಭೂಗತರಾಗಿದ್ದ ಹೋರಾಟಗಾರರಿಗೆ ಆಶ್ರಯ ಕೊಡುವ, ಗುಪ್ತ ಪತ್ರಗಳನ್ನು ಮುಟ್ಟಿಸುವ ಕೆಲಸಕ್ಕೂ ಕೈಹಾಕಿದ. ಮುಂದೆ ಕಾಲೇಜಿಗೆಂದು ಕೊಲ್ಹಾಪುರಕ್ಕೆ ಬಂದ.

ಕೊಲ್ಹಾಪುರ ಆಗ ಕುಸ್ತಿಯ ತವರು. ರಾಜರ್ಷಿ ಶಾಹೂ ಮಹಾರಾಜರು 1902ರಲ್ಲಿ ಯುರೋಪಿಗೆ ಹೋದವರು ರೋಮಿನ ಬಯಲು ಕ್ರೀಡಾಂಗಣವನ್ನು ಕಂಡು ಬಂದು, ತಮ್ಮ ಊರಲ್ಲೂ ಅಂಥದ್ದೊಂದು ಬೇಕೆಂದು ಖಾಸಬಾಗ ಮೈದಾನ ಕಟ್ಟಿಸಿದರು. 1912ರಲ್ಲಿ ಪೂರ್ಣಗೊಂಡ ಆ ಮೈದಾನದಲ್ಲಿ ಸುತ್ತಲೂ ಇಳಿಜಾರಾಗಿ ಕೂರುವ ವ್ಯವಸ್ಥೆ. ಎಲ್ಲಿ ಕೂತರೂ ನಡುವಿನ ಮಟ್ಟಿ ಕಾಣಬೇಕು, ಒಬ್ಬರ ತಲೆ ಇನ್ನೊಬ್ಬರ ಕಣ್ಣಿಗೆ ಅಡ್ಡ ಬರಬಾರದು. ಮೋತಿಬಾಗ, ಗಂಗಾವೇಸ, ಶಾಹೂಪುರಿ ತಾಲೀಮುಗಳಲ್ಲಿ ಬೆಳಗಿನ ಜಾವಕ್ಕೆ ದಂಡ ಬೈಠಕ್ ಸುರುವಾಗುತ್ತಿತ್ತು. ನಮ್ಮ ಬೆಳಗಾವಿ ಭಾಗದ ಹುಡುಗರೂ ಗಂಟು ಕಟ್ಟಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಅದೇನೂ ಪರದೇಶವಲ್ಲ, ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು.

ಅಂಥ ಊರಿನ ಕಾಲೇಜಿನಲ್ಲೂ ಖಾಶಾಬಾನಿಗೆ ಮೊದಲ ಅಡ್ಡಿ ಎದುರಾದದ್ದು ಅವನ ಮೈಕಟ್ಟಿನಿಂದ. ಎತ್ತರ ಐದೂವರೆ ಅಡಿಯಷ್ಟೇ; ತೆಳು ದೇಹ. ವಾರ್ಷಿಕ ಕ್ರೀಡಾಕೂಟದ ಕುಸ್ತಿಗೆ ಹೆಸರು ಕೊಡಲು ಹೋದರೆ ಕ್ರೀಡಾ ಶಿಕ್ಷಕರು ಬೇಡವೆಂದರು. ಹುಡುಗ ನೇರ ಪ್ರಾಂಶುಪಾಲರ ಕೋಣೆಗೆ ಹೋಗಿ ಅನುಮತಿ ಕೇಳಿದ. ಅನುಮತಿ ಸಿಕ್ಕಿತು. ತನಗಿಂತ ಭಾರಿ ಜೋಡಿಗಳನ್ನು ಒಬ್ಬೊಬ್ಬರನ್ನಾಗಿ ಚಿತ್ ಮಾಡಿದ. ಅವನ ಕೈಯಲ್ಲಿ ಢಾಕ್ ಎಂಬ ಡಾವು ಪಳಗಿತ್ತು: ಎದುರಾಳಿಯ ಕತ್ತನ್ನು ತೋಳಲ್ಲಿ ಬಿಗಿದು, ಸೊಂಟ ತಿರುವಿ, ನೆಲಕ್ಕೆ ಒಗೆಯುವುದು. ಬಲಕ್ಕಿಂತ ಸಮಯ ನೋಡಿ ಹಾಕಬೇಕಾದ ಡಾವು ಅದು. ಎತ್ತರ ಕಡಿಮೆಯಿದ್ದವನಿಗೆ ಎದುರಾಳಿಯ ಸೊಂಟದ ಕೆಳಗೆ ಹೊಗುವುದು ಸುಲಭ. ಕಾಲೇಜಿನ ಶಿಕ್ಷಕರು ಕೊರತೆ ಎಂದುಕೊಂಡದ್ದೇ ಅವನಿಗೆ ಅನುಕೂಲವಾಯಿತು.

1948ರ ಲಂಡನ್ ಒಲಿಂಪಿಕ್ಸಿಗೆ ಅವನನ್ನು ಕಳಿಸಿದ್ದು ಕೊಲ್ಹಾಪುರದ ಮಹಾರಾಜರ ಹಣ. ಅದುವರೆಗೆ ಖಾಶಾಬಾ ಆಡಿದ್ದೆಲ್ಲ ಮಣ್ಣಿನ ಮೇಲೆ. ಕೆಮ್ಮಣ್ಣು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಮಟ್ಟಿಯಲ್ಲಿ ಪಾದ ಹೂತು ನಿಲ್ಲುತ್ತದೆ. ಮೈಗೆ ಮಣ್ಣು ಹತ್ತಿದರೆ ಹಿಡಿತ ಜಾರುವುದಿಲ್ಲ. ಬೆನ್ನು ನೆಲಕ್ಕೆ ತಾಗುವವರೆಗೆ ಕುಸ್ತಿ ನಡೆಯಬಹುದು. ಮ್ಯಾಟಿನ ಮೇಲೆ ಇದಾವುದೂ ಇಲ್ಲ. ಅಲ್ಲಿ ಗಡಿಯಾರವಿದೆ, ಅಂಕವಿದೆ, ಕಾಲು ಜಾರುವ ವೇಗವಿದೆ. ಲಂಡನ್ನಿನಲ್ಲಿ ಅಮೆರಿಕದ ರೀಸ್ ಗಾರ್ಡನರ್ ಎಂಬ ತರಬೇತುದಾರ ಅವನಿಗೆ ಮ್ಯಾಟಿನ ಪಾಠ ಹೇಳಿಕೊಟ್ಟ. ಕಲಿತದ್ದು ಕೆಲವೇ ದಿನ. ಆದರೂ ಆಸ್ಟ್ರೇಲಿಯಾ ಮತ್ತು ಅಮೆರಿಕದ ಮಲ್ಲರನ್ನು ಸೋಲಿಸಿ, ಇರಾನಿನ ಮನ್ಸೂರ್ ರಯೀಸಿಗೆ ಸೋತು, 52 ಕಿಲೋ ವರ್ಗದಲ್ಲಿ ಆರನೆಯ ಸ್ಥಾನ ಪಡೆದ.

ಆರನೆಯ ಸ್ಥಾನಕ್ಕೆ ಯಾರೂ ಹಾರ ಹಾಕುವುದಿಲ್ಲ. ಆದರೆ ನನ್ನ ಮಟ್ಟಿಗೆ ಖಾಶಾಬಾ ಜೀವನದ ಮುಖ್ಯ ಘಟ್ಟ ಇದೇ. ತನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಲಂಡನ್ನಿನಲ್ಲಿ ಅವನಿಗೆ ಖಚಿತವಾಗಿ ತಿಳಿಯಿತು. ಊರಿಗೆ ಮರಳಿದವನು ಇನ್ನೂ ಭಾರದ ವರ್ಗಕ್ಕೆ, ಅಂದರೆ 57 ಕಿಲೋಗೆ ಏರಿ, ನಾಲ್ಕು ವರ್ಷ ಸಾಮು ಮಾಡಿದ. ಊರಲ್ಲಿ ಮ್ಯಾಟು ಎಲ್ಲಿತ್ತು? ಮಟ್ಟಿಯಲ್ಲೇ ಮ್ಯಾಟಿನ ಕುಸ್ತಿಯನ್ನು ರೂಢಿಸಿಕೊಳ್ಳಬೇಕಾಗಿತ್ತು. ಇವತ್ತು ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಮ್ಯಾಟು ಹಾಸಿರುವುದನ್ನು ನೋಡಿದವರಿಗೆ ಆ ಕಷ್ಟ ಊಹಿಸುವುದು ಸುಲಭವಲ್ಲ.

ಎರಡನೆಯ ಬಾರಿ ಹೋಗುವುದು ಮೊದಲ ಬಾರಿಗಿಂತ ಕಷ್ಟವಾಯಿತು. ಮದ್ರಾಸಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅಂಕದಲ್ಲಿ ತನಗೆ ಅನ್ಯಾಯವಾಯಿತೆಂದು ಖಾಶಾಬಾ ಪಟಿಯಾಲದ ಮಹಾರಾಜ ಯಾದವೀಂದ್ರ ಸಿಂಗರಿಗೆ ಮೊರೆಯಿಟ್ಟರು. ಮಹಾರಾಜರು ಆಗ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರು, ಕುಸ್ತಿಯ ಅಭಿಮಾನಿಗಳು. ಮತ್ತೊಮ್ಮೆ ಆಡಿಸಿ ನೋಡಲು ಹೇಳಿದರು. ಖಾಶಾಬಾ ಎದುರಾಳಿಯನ್ನು ಕೆಡವಿ ಜಾಗ ಗಿಟ್ಟಿಸಿಕೊಂಡರು.

ಜಾಗ ಸಿಕ್ಕರೆ ಸಾಕೇ? ಹೆಲ್ಸಿಂಕಿಗೆ ಹೋಗುವ ಖರ್ಚು ಕೊಡುವವರಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಕಳಿಸಿಕೊಟ್ಟ ಸಂಸ್ಥಾನ 1949ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಗಿತ್ತು. ಆ ಮುಂಬಯಿ ರಾಜ್ಯದಲ್ಲೇ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೂ ಇದ್ದವು; ಅಂದರೆ ಖಾಶಾಬಾ ಆಗ ನಮ್ಮ ರಾಜ್ಯದವರೇ. ಸರ್ಕಾರದಿಂದ ಕೇಳಿದಷ್ಟು ನೆರವು ಸಿಗಲಿಲ್ಲ. ಖಾಶಾಬಾ ಊರೂರು ಅಲೆದು ವಂತಿಗೆ ಎತ್ತಿದರು. ಗೋಳೇಶ್ವರದ ರೈತರು, ಕರಾಡದ ಅಂಗಡಿಕಾರರು ಕೈಲಾದಷ್ಟು ಕೊಟ್ಟರು. ಇಷ್ಟಾದರೂ ಸಾಲದೆ ಬಂತು. ಆಗ ರಾಜಾರಾಮ ಕಾಲೇಜಿನಲ್ಲಿ ಅವರಿಗೆ ಪ್ರಾಂಶುಪಾಲರಾಗಿದ್ದ ಖರ್ಡೇಕರರು ತಮ್ಮ ಸ್ವಂತ ಮನೆ ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು.

1952ರ 7,000 ರೂಪಾಯಿ. ಅಡವು ಬಿಡಿಸಲಾಗದೆ ಹೋದರೆ ಮನೆಯೇ ಹೋಗುತ್ತಿತ್ತು. ಶಿಷ್ಯ ಗೆಲ್ಲುತ್ತಾನೆಂಬ ಭರವಸೆಯೂ ಇರಲಿಲ್ಲ. ಹಿಂದಿನ ಸಲದ ದಾಖಲೆ ಆರನೆಯ ಸ್ಥಾನ. ಗೆದ್ದರೂ ಒಲಿಂಪಿಕ್ಸಿನಲ್ಲಿ ಹಣದ ಬಹುಮಾನ ಇಲ್ಲ. ಇಷ್ಟೆಲ್ಲ ತಿಳಿದಿದ್ದೂ ಒಬ್ಬ ಮೇಷ್ಟ್ರು ತನ್ನ ಮನೆಯ ಕಾಗದಪತ್ರ ಕೊಟ್ಟುಬಿಟ್ಟರಲ್ಲ, ಅದನ್ನು ನಾನು ಎಷ್ಟು ಸಲ ನೆನೆದರೂ ಮನಸ್ಸು ತುಂಬಿ ಬರುತ್ತದೆ.

ಹೆಲ್ಸಿಂಕಿಯಲ್ಲಿ ಖಾಶಾಬಾ ಮೊದಲು ಕೆನಡಾದ ಆಡ್ರಿಯನ್ ಪೋಲಿಕ್ವಿನ್‌ನನ್ನು, ಬಳಿಕ ಮೆಕ್ಸಿಕೋದ ಲಿಯೊನಾರ್ಡೊ ಬಸುರ್ತೋನನ್ನು ಚಿತ್ ಮಾಡಿದರು. ಜರ್ಮನಿಯ ಫರ್ಡಿನೆಂಡ್ ಶ್ಮಿಟ್ಸ್ ಮೇಲೆ ಅಂಕದಲ್ಲಿ ಗೆದ್ದರು. ಎದುರಿಗೆ ನಿಂತದ್ದು ಜಪಾನಿನ ಶೊಹಾಚಿ ಇಶಿ. ಆಗಿನ ಪಂದ್ಯದ ಅವಧಿ ಹದಿನೈದು ನಿಮಿಷ. ಅಷ್ಟೂ ಹೊತ್ತು ಇಬ್ಬರೂ ಬಿಡಲಿಲ್ಲ. ಕೊನೆಗೆ ತೀರ್ಪು ಇಶಿಯ ಕಡೆಗೆ ಹೋಯಿತು. ಉಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ, ಸೋವಿಯತ್ ಒಕ್ಕೂಟದ ರಶೀದ್ ಮಮೆದ್‌ಬೆಕೋವ್ ಜೊತೆ ಆಡಲು ಕರೆ ಬಂತು. ಎರಡು ಪಂದ್ಯಗಳ ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಅದನ್ನು ಎತ್ತಿ ಹೇಳಲು ಭಾರತದ ಒಬ್ಬ ಅಧಿಕಾರಿಯೂ ಅಲ್ಲಿ ಹಾಜರಿರಲಿಲ್ಲ. ದಣಿದ ಮೈಯಲ್ಲೇ ಖಾಶಾಬಾ ಮ್ಯಾಟಿಗೆ ಇಳಿದರು, ಸೋತರು. ಇಶಿಗೆ ಚಿನ್ನ, ಮಮೆದ್‌ಬೆಕೋವ್‌ಗೆ ಬೆಳ್ಳಿ, ಖಾಶಾಬಾ ಜಾಧವರಿಗೆ ಕಂಚು.

ಆ ಅರ್ಧ ಗಂಟೆ ಸಿಕ್ಕಿದ್ದರೆ ಪದಕದ ಬಣ್ಣ ಬದಲಾಗುತ್ತಿತ್ತೇ ಎಂದು ಕುಸ್ತಿಯವರು ಇವತ್ತಿಗೂ ಚರ್ಚಿಸುತ್ತಾರೆ. ಮನೆ ಅಡವಿಡುವ ಮೇಷ್ಟ್ರು ಇದ್ದರು, ಪಕ್ಕದಲ್ಲಿ ನಿಂತು ನಿಯಮ ಓದಿ ಹೇಳುವ ಅಧಿಕಾರಿ ಇರಲಿಲ್ಲ. ಆ ಸಿಟ್ಟು ನನಗೂ ಇದೆ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಅದೇ ಹೆಲ್ಸಿಂಕಿಯಲ್ಲಿ ಫೆದರ್‌ವೇಟ್ ವರ್ಗದಲ್ಲಿ ಕೇಶವ ಮಾಣಗಾವೆ ನಾಲ್ಕನೆಯವರಾಗಿ ಪದಕದಿಂದ ಸ್ವಲ್ಪದರಲ್ಲಿ ವಂಚಿತರಾದರು. ಅವರೂ ಕೊಲ್ಹಾಪುರದ ಮಟ್ಟಿಯವರೇ. ಆ ಹೆಸರನ್ನು ಇಂದು ಎಷ್ಟು ಜನ ಬಲ್ಲರು?

ಆ ಒಲಿಂಪಿಕ್ಸಿನಲ್ಲಿ ಹಾಕಿ ತಂಡ ಚಿನ್ನ ಗೆದ್ದಿತ್ತು. ದೇಶದ ಗಮನವೆಲ್ಲ ಅತ್ತ. ಖಾಶಾಬಾನನ್ನು ಕಾದದ್ದು ಅವನ ಸೀಮೆ. ಕರಾಡದ ಕಡೆಯಿಂದ ಅಲಂಕರಿಸಿದ ಎತ್ತಿನ ಗಾಡಿಗಳ ಸಾಲು. ಊರವರ ಲೆಕ್ಕದಲ್ಲಿ 151 ಗಾಡಿಗಳು. ಢೋಲು, ಲೇಜಿಮು, ಪಟಾಕಿ. ಕಾಲು ಗಂಟೆಯ ದಾರಿ ಸವೆಸಲು ಏಳು ಗಂಟೆ ಹಿಡಿಯಿತೆಂದು ಮನೆಯವರು ಹೇಳುತ್ತಿದ್ದರು. ವಂತಿಗೆ ಕೊಟ್ಟವರೇ ಆ ಮೆರವಣಿಗೆಯಲ್ಲಿ ಇದ್ದವರು. ತಾವು ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು, ಏನಾಗಿ ಮರಳಿತು ಎಂಬುದನ್ನು ಕಣ್ಣಾರೆ ಕಂಡರು.

ಮೆರವಣಿಗೆ ಮುಗಿದ ಮೇಲೆ ಖಾಶಾಬಾ ಮಾಡಿದ್ದು ಕೃತಜ್ಞತೆಯ ಭಾಷಣವಲ್ಲ. ಲಂಗೋಟಿ ಬಿಗಿದು ಮತ್ತೆ ಮಟ್ಟಿಗಿಳಿದರು. ಹಣ ಕಟ್ಟಿ ಆಡಿಸುವ ಕುಸ್ತಿಗಳಲ್ಲಿ ಒಂದಾದ ಮೇಲೊಂದು ಆಡಿ, ಬಂದ ಇನಾಮನ್ನು ಕೂಡಿಹಾಕಿ, ಗುರುಗಳ ಮನೆಯ ಸಾಲ ತೀರಿಸಲು ಕೊಟ್ಟರು. ಒಲಿಂಪಿಕ್ ಪದಕ ಗೆದ್ದವನಿಗೆ ಸೋಲಿನ ಭಯ ಹೆಚ್ಚು. ಜಾತ್ರೆಯ ಮಟ್ಟಿಯಲ್ಲಿ ಯಾವನೋ ಹೊಸ ಹುಡುಗ ಕೆಡವಿದರೆ ಗಳಿಸಿದ ಹೆಸರು ಹೋಗುತ್ತದೆ. ಗುರುವಿನ ಮನೆ ಉಳಿಯಬೇಕಿದ್ದರೆ ಆ ಭಯ ಬದಿಗಿಡಬೇಕಿತ್ತು. ಇಟ್ಟರು. ಕೊಟ್ಟವರ ಋಣವನ್ನು ದುಡಿದೇ ತೀರಿಸಬೇಕೆಂಬುದು ತಾಲೀಮಿನಲ್ಲಿ ವಸ್ತಾದರು ಹುಡುಗರಿಗೆ ಹೇಳಿಕೊಡುವ ರೀತಿ. ಖಾಶಾಬಾ ಅದನ್ನು ಅಕ್ಷರಶಃ ನಡೆಸಿದರು.

ಸರ್ಕಾರಕ್ಕೆ ಮಾತ್ರ ಆ ರೀತಿ ಗೊತ್ತಾಗಲಿಲ್ಲ. 1955ರಲ್ಲಿ ಖಾಶಾಬಾ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದರು. ಇಲಾಖೆಯ ಸ್ಪರ್ಧೆಗಳಲ್ಲಿ ಗೆಲ್ಲುತ್ತ, ಕಿರಿಯರಿಗೆ ಕಲಿಸುತ್ತ, ಸಹಾಯಕ ಪೊಲೀಸ್ ಆಯುಕ್ತರಾಗಿ ನಿವೃತ್ತರಾದರು. ಪಿಂಚಣಿಗಾಗಿಯೂ ಅಲೆಯಬೇಕಾಯಿತು. ಪದ್ಮ ಪ್ರಶಸ್ತಿಗಳು ಆರಂಭವಾದದ್ದು 1954ರಲ್ಲಿ. ಆಮೇಲೆ ಖಾಶಾಬಾ ಬದುಕಿದ್ದ ಮೂವತ್ತು ವರ್ಷಗಳಲ್ಲಿ ಒಂದು ವರ್ಷವೂ ಅವರ ಹೆಸರು ಪಟ್ಟಿಯಲ್ಲಿ ಬರಲಿಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಜ್ಯೋತಿಯ ಓಟದಲ್ಲಿ ಅವರನ್ನು ಕರೆದು ಗೌರವಿಸಿದರು, ಅಷ್ಟೇ. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮಹಾರಾಷ್ಟ್ರದ ಛತ್ರಪತಿ ಪುರಸ್ಕಾರ, ಕೇಂದ್ರದ ಅರ್ಜುನ ಪ್ರಶಸ್ತಿ ಎರಡೂ ಬಂದದ್ದು ಸತ್ತ ಮೇಲೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಳೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದ ಕುಸ್ತಿ ಅಂಗಣಕ್ಕೆ ಅವರ ಹೆಸರಿಟ್ಟರು.

ಅವರ ಕಂಚಿನ ನಂತರ ಭಾರತಕ್ಕೆ ಇನ್ನೊಂದು ವೈಯಕ್ತಿಕ ಒಲಿಂಪಿಕ್ ಪದಕ ಬರಲು 44 ವರ್ಷ ಬೇಕಾಯಿತು; 1996ರಲ್ಲಿ ಟೆನಿಸ್ಸಿನ ಲಿಯಾಂಡರ್ ಪೇಸ್. ಕುಸ್ತಿಯಲ್ಲಿ ಇನ್ನೊಂದು ಪದಕ ಬಂದದ್ದು 56 ವರ್ಷಗಳ ಬಳಿಕ, 2008ರಲ್ಲಿ, ಸುಶೀಲ್ ಕುಮಾರ್ ಮೂಲಕ. ಇಷ್ಟು ದೀರ್ಘ ಬರಗಾಲಕ್ಕೆ ಪ್ರತಿಭೆಯ ಕೊರತೆ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಗರಡಿಗಳಲ್ಲಿ ಆ ಐವತ್ತು ವರ್ಷ ಪೈಲವಾನರಿಗೇನೂ ಬರವಿರಲಿಲ್ಲ. ಕಳಿಸಿಕೊಡುವವರು, ಪಕ್ಕದಲ್ಲಿ ನಿಲ್ಲುವವರು, ಮ್ಯಾಟು ಹಾಸಿ ಕೊಡುವವರು ಇರಲಿಲ್ಲ. ಖಾಶಾಬಾನಿಗಾದರೂ ಒಂದು ಕಾಲೇಜು ಇತ್ತು.

ಪದಕಗಳ ಪಟ್ಟಿಯಲ್ಲಿ ಒಂದೇ ಹೆಸರು ಹಿಡಿಸುತ್ತದೆ. ಉಳಿದವರ ಹೆಸರು ಉಳಿಯಬೇಕಾದ ಜಾಗ ಇಂಥ ಸ್ಮರಣ ಸಂಚಿಕೆಗಳೇ. ಹೆಲ್ಸಿಂಕಿಯ ಕಂಚಿನ ಹಿಂದೆ ಖರ್ಡೇಕರರ ಹೆಸರಿದೆ. ಗೋಳೇಶ್ವರದಲ್ಲಿ ವಂತಿಗೆ ಕೊಟ್ಟ ಎಷ್ಟೋ ಮಂದಿಯ ಹೆಸರು ಎಲ್ಲೂ ದಾಖಲಾಗದೆ ಹೋಯಿತು. ನಮ್ಮಲ್ಲೂ ಹಾಗೆಯೇ ಆಗುತ್ತಿದೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ದಾವಣಗೆರೆ, ಮೈಸೂರಿನ ಗರಡಿಗಳಿಗೆ ಜಾಗ ಬಿಟ್ಟುಕೊಟ್ಟವರು, ಬಡ ಹುಡುಗರ ಹಾಲು ಬಾದಾಮಿಯ ಖರ್ಚು ವಹಿಸಿಕೊಂಡವರು, ಪರ ಊರಿನ ಸ್ಪರ್ಧೆಗೆ ಟಿಕೆಟ್ ತೆಗೆಸಿಕೊಟ್ಟ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಈ ಸಂಚಿಕೆ ಕೈಗೆತ್ತಿಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮೂರಿನ ಗರಡಿಯ ಹಿರಿಯ ವಸ್ತಾದರು ಬದುಕಿರುವಾಗಲೇ ಅವರ ಮುಂದೆ ಕೂತು, ಯಾರು ಯಾರಿಗೆ ಏನು ಕೊಟ್ಟರು ಎಂಬುದನ್ನು ಹೆಸರು, ಊರು, ವರ್ಷ ಸಹಿತ ಬರೆದಿಡಿ.