ಹಂಚಿ ತಿಂದವರ ಋಣ

ಥಾಯ್ಲೆಂಡಿನ ಬಾನ್ ಪೋಂಗ್‌ನಿಂದ ಬರ್ಮಾದ ತಾನ್‌ಬ್ಯೂಜಯಾತ್‌ವರೆಗೆ 415 ಕಿಲೋಮೀಟರ್ ರೈಲುಹಾದಿಯನ್ನು ಜಪಾನಿ ಸೇನೆ 1942–43ರಲ್ಲಿ ಕಾಡು ಕಡಿಸಿ ಹಾಕಿಸಿತು. ಅಲ್ಲಿ ದುಡಿದ ಸುಮಾರು 60,000 ಬ್ರಿಟಿಷ್, ಆಸ್ಟ್ರೇಲಿಯನ್, ಡಚ್, ಅಮೆರಿಕನ್ ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು. ಬದುಕಿ ಬಂದವರ ನೆನಪುಗಳಲ್ಲಿ ಗೆಳೆಯರ ಋಣದ ಮಾತು ಮತ್ತೆ ಮತ್ತೆ ಬರುತ್ತದೆ. ವಯಸ್ಸಾದ ಸೈನಿಕರ ಭಾವುಕತೆ ಎಂದು ಅದನ್ನು ಬದಿಗೆ ಸರಿಸುವಂತಿಲ್ಲ. ಕೆಲಸಕ್ಕೆ ಏಳಲಾರದ ರೋಗಿಗೆ ಕೂಲಿಯಿಲ್ಲ, ಪಡಿಯೂ ಕಡಿಮೆ ಎಂಬುದು ಶಿಬಿರದ ಕಟ್ಟಳೆ. ಹೆಚ್ಚು ಉಣ್ಣಬೇಕಾದವನಿಗೇ ಕಡಿಮೆ ಸಿಗುತ್ತಿದ್ದ ಆ ಲೆಕ್ಕವನ್ನು ಸರಿದೂಗಿಸುತ್ತಿದ್ದುದು ಗೆಳೆತನ. ಇಬ್ಬರು ಮೂವರು ಕೂಡಿಕೊಂಡು, ಮೈಯಲ್ಲಿ ಶಕ್ತಿಯಿದ್ದವನು ತನ್ನ ಪುಡಿಗಾಸಿನಲ್ಲಿ ಕೊಂಡ ಬಾತುಕೋಳಿ ಮೊಟ್ಟೆಯನ್ನು ಮಲಗಿದವನಿಗೆ ತಿನ್ನಿಸುತ್ತಿದ್ದ. ತಾನು ಮಲಗುವ ಸರದಿಯೂ ಬಂದೀತೆಂದು ಅವನಿಗೆ ಗೊತ್ತಿತ್ತು. ಮನಸ್ಸಿಗೆ ಸಿಕ್ಕ ಸಮಾಧಾನವೂ ಹೊಟ್ಟೆಯ ಈ ಏರ್ಪಾಡಿನಿಂದಲೇ ಹುಟ್ಟಿತು.

ಜೀವ ಉಳಿಸಿದ್ದು ವೈದ್ಯರು, ಗೆಳೆತನವಲ್ಲ ಎಂದು ವಾದಿಸಬಹುದು. ಸೆರೆಯಾಳುಗಳಲ್ಲೇ ಒಬ್ಬರಾಗಿದ್ದ ಎಡ್ವರ್ಡ್ ಡನ್‌ಲಪ್‌ರಂಥ ಶಸ್ತ್ರವೈದ್ಯರ ಪಾತ್ರ ದೊಡ್ಡದೇ. ಆದರೆ ಆ ವೈದ್ಯರ ಕೈಯಲ್ಲಿ ಇದ್ದುದೇನು? ಕೊಳೆತ ಹುಣ್ಣನ್ನು ಕೆರೆಯಲು ಅಂಚು ಮಸೆದ ಚಮಚ. ಕಾಲರಾ ರೋಗಿಯ ರಕ್ತನಾಳಕ್ಕೆ ಉಪ್ಪುನೀರು ಹಾಯಿಸಲು ಬಿದಿರಿನ ಸೂಜಿ. ಹುಣ್ಣು ಕೆರೆಯುವಾಗ ರೋಗಿಯನ್ನು ಅದುಮಿ ಹಿಡಿಯಲು, ನೀರು ಕಾಯಿಸಲು, ಮಲ ಬಳಿಯಲು ಜನ ಬೇಕಿತ್ತು. ಸೆರೆಯಲ್ಲಿದ್ದ ಸೇನಾಧಿಕಾರಿಗಳು ತಮ್ಮ ಸಂಬಳದ ಪಾಲನ್ನು ರೋಗಿಗಳ ನಿಧಿಗೆ ಹಾಕಬೇಕೆಂದು ಡನ್‌ಲಪ್ ಪಟ್ಟು ಹಿಡಿದರು. ಇಬ್ಬರ ನಡುವಿನ ಹಂಚಿಕೆಯೇ ಅಲ್ಲಿ ಇಡೀ ಶಿಬಿರದ ನಿಯಮವಾಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಅದೇ ಹಾದಿಯಲ್ಲಿ ಮಲಯದ ರಬ್ಬರ್ ತೋಟಗಳ ತಮಿಳರು, ಬರ್ಮೀಯರು, ಜಾವಾದವರು ಸೇರಿ ಸುಮಾರು ಎರಡು ಲಕ್ಷ ಏಷ್ಯನ್ ಕೂಲಿಗಳು ದುಡಿದರು. ಸತ್ತವರು ಅಂದಾಜು 90,000. ಅವರಲ್ಲಿ ಸ್ನೇಹ ಕಡಿಮೆಯಿತ್ತೇ? ಹಾಗೆನ್ನಲು ಆಧಾರವಿಲ್ಲ; ಹೆಂಡತಿ ಮಕ್ಕಳ ಸಮೇತ ಬಂದವರೂ ಅವರಲ್ಲಿದ್ದರು. ಅವರಿಗೆ ಇಲ್ಲದಿದ್ದುದು ತಮ್ಮದೇ ವೈದ್ಯರು, ತಮ್ಮ ಪರ ಮಾತಾಡುವ ಅಧಿಕಾರಿಗಳು, ಪಾಯಿಖಾನೆ ತೋಡಿಸುವ ಶಿಸ್ತು. ಹಂಚಲು ಏನಾದರೂ ಇದ್ದಾಗ ಮಾತ್ರ ಗೆಳೆತನ ಜೀವ ಉಳಿಸೀತು. ಹಾಗಾಗಿ ಸೆರೆಯಾಳುಗಳ ಸ್ನೇಹವನ್ನು ಒಂದು ಜನಾಂಗದ ಗುಣವೆಂದು ಹೊಗಳಿದರೆ ಸತ್ತವರಿಗೆ ಅನ್ಯಾಯವಾಗುತ್ತದೆ. ಆ ಸ್ನೇಹ ಒಂದೇ ಜನಾಂಗದ್ದೂ ಆಗಿರಲಿಲ್ಲ: ಕಾಂಚನಬುರಿಯ ಥಾಯ್ ವ್ಯಾಪಾರಿ ಬೂನ್ ಪೋಂಗ್ ತರಕಾರಿಯ ಜೊತೆ ಔಷಧಿಯನ್ನೂ ಹಣವನ್ನೂ ಕದ್ದುಮುಚ್ಚಿ ಶಿಬಿರಗಳಿಗೆ ಮುಟ್ಟಿಸಿದರು. ಸಿಕ್ಕಿಬಿದ್ದರೆ ತಲೆ ಹೋಗುತ್ತಿತ್ತು. ಮುಂದೆ ಅವರ ಮತ್ತು ಡನ್‌ಲಪ್ ಹೆಸರಿನಲ್ಲಿ, ಥಾಯ್ ವೈದ್ಯರು ಆಸ್ಟ್ರೇಲಿಯಾದಲ್ಲಿ ತರಬೇತಿ ಪಡೆಯಲು ಫೆಲೋಶಿಪ್ ಆರಂಭವಾಯಿತು. ಸೆರೆಯಾಳುಗಳ ಕೃತಜ್ಞತೆ ಸ್ಮಾರಕದ ಕಲ್ಲಿಗೆ ನಿಲ್ಲದೆ ವೈದ್ಯವಿದ್ಯೆಯ ರೂಪದಲ್ಲಿ ಸಂದಿತು. ತಮಿಳು ಕೂಲಿಗಳ ಋಣವನ್ನು ಯಾರು, ಹೇಗೆ ತೀರಿಸಬೇಕೆಂಬ ಪ್ರಶ್ನೆಗೆ ಅಂಥ ಉತ್ತರ ಇನ್ನೂ ಸಿಕ್ಕಿಲ್ಲ.