ಅಣು ಅನಿಲಗಳಲ್ಲಿ ವಿಕಿರಣ ಉಷ್ಣ ವರ್ಗಾವಣೆಯ ಮಾದರಿಗಳು

ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳು ಅವಕೆಂಪು ವಿಕಿರಣವನ್ನು ಹೀರುವ ಮತ್ತು ಹೊರಸೂಸುವ ಪ್ರಮಾಣವನ್ನು ಲೆಕ್ಕಹಾಕುವ ಗಣಿತೀಯ ವಿಧಾನಗಳನ್ನು ಅಣು ಅನಿಲಗಳ ವಿಕಿರಣ ಮಾದರಿಗಳು ಎನ್ನುತ್ತಾರೆ. ಕುಲುಮೆ ಹಾಗೂ ಬಾಯ್ಲರ್‌ಗಳ ವಿನ್ಯಾಸ, ಬೆಂಕಿಯ ಹರಡುವಿಕೆಯ ಅಧ್ಯಯನ ಮತ್ತು ಹವಾಗುಣ ವಿಜ್ಞಾನದಲ್ಲಿ ಇವು ಬಳಕೆಯಲ್ಲಿವೆ.

ಭೌತಿಕ ಹಿನ್ನೆಲೆ

ಅಣುಗಳ ಕಂಪನ ಮತ್ತು ಪರಿಭ್ರಮಣದ ಶಕ್ತಿಮಟ್ಟಗಳು ಬಿಡಿಬಿಡಿಯಾಗಿರುತ್ತವೆ. ಆದ್ದರಿಂದ ಅನಿಲವು ಎಲ್ಲ ತರಂಗಾಂತರಗಳನ್ನೂ ಸಮನಾಗಿ ಹೀರದೆ, ಅಸಂಖ್ಯ ಕಿರಿದಾದ ರೋಹಿತ ರೇಖೆಗಳಲ್ಲಿ ಹೀರುತ್ತದೆ. ಈ ರೇಖೆಗಳ ಗುಂಪುಗಳೇ ಹೀರಿಕೆ ಪಟ್ಟಿಗಳು. ಇಂಗಾಲದ ಡೈಆಕ್ಸೈಡ್‌ನ ಪ್ರಮುಖ ಪಟ್ಟಿಗಳು 2.7, 4.3 ಮತ್ತು 15 ಮೈಕ್ರೊಮೀಟರ್‌ಗಳ ಸುತ್ತ ಇವೆ. ನೀರಾವಿಯ ಪ್ರಬಲ ಪಟ್ಟಿಗಳಲ್ಲಿ ಒಂದು 6.3 ಮೈಕ್ರೊಮೀಟರ್ ಬಳಿ ಇದೆ. ಸಾರಜನಕ ಮತ್ತು ಆಮ್ಲಜನಕದ ಅಣುಗಳಲ್ಲಿ ಒಂದೇ ಬಗೆಯ ಎರಡು ಪರಮಾಣುಗಳಿದ್ದು, ಕಂಪನದಿಂದ ವಿದ್ಯುದಾವೇಶದ ಹಂಚಿಕೆಯಲ್ಲಿ ಅಸಮತೆ ಉಂಟಾಗುವುದಿಲ್ಲ. ಹೀಗಾಗಿ ಅವು ಅವಕೆಂಪು ವಿಕಿರಣಕ್ಕೆ ಬಹುಮಟ್ಟಿಗೆ ಪಾರದರ್ಶಕವಾಗಿವೆ. ಅನಿಲಗಳ ನಡುವಿನ ಈ ವ್ಯತ್ಯಾಸವನ್ನು ಜಾನ್ ಟಿಂಡಾಲ್ 1859ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಸರಾಸರಿಯ ಸಮಸ್ಯೆ

ಒಂದೇ ತರಂಗಾಂತರದ ವಿಕಿರಣವು ಬಿಯರ್–ಲ್ಯಾಂಬರ್ಟ್ ನಿಯಮದಂತೆ ದೂರದೊಂದಿಗೆ ಘಾತೀಯವಾಗಿ ಕ್ಷೀಣಿಸುತ್ತದೆ. ಇಡೀ ರೋಹಿತಕ್ಕೆ ಒಂದೇ ಹೀರಿಕೆ ಗುಣಾಂಕವಿದೆಯೆಂದು ಭಾವಿಸುವ ಮಾದರಿಗೆ ‘ಬೂದು ಅನಿಲ’ ಮಾದರಿ ಎಂದು ಹೆಸರು. ಇದು ಸರಳವಾದರೂ ಗಂಭೀರ ದೋಷಕ್ಕೆ ಎಡೆಮಾಡಬಲ್ಲದು. ಉದಾಹರಣೆಗೆ, ವಿಕಿರಣದ ಅರ್ಧಭಾಗಕ್ಕೆ ಅನಿಲವು ಪೂರ್ಣ ಪಾರದರ್ಶಕವಾಗಿದ್ದು, ಉಳಿದರ್ಧಕ್ಕೆ ಅದರ ದ್ಯುತಿ ದಪ್ಪ, ಅಂದರೆ ಹೀರಿಕೆ ಗುಣಾಂಕ ಮತ್ತು ದೂರದ ಗುಣಲಬ್ಧ, 10 ಆಗಿರಲಿ. ಆಗ ಸುಮಾರು ಶೇ. 50ರಷ್ಟು ವಿಕಿರಣ ಹಾದುಹೋಗುತ್ತದೆ. ಸರಾಸರಿ ದ್ಯುತಿ ದಪ್ಪ 5 ಎಂದು ಹಿಡಿದರೆ ಉತ್ತರ ಕೇವಲ ಶೇ. 0.7 ಎಂದು ಬರುತ್ತದೆ.

ಪ್ರಮುಖ ಮಾದರಿಗಳು

* ರೇಖಾವಾರು ಲೆಕ್ಕಾಚಾರ: ಪ್ರತಿಯೊಂದು ರೋಹಿತ ರೇಖೆಯನ್ನೂ ಪ್ರತ್ಯೇಕವಾಗಿ ಪರಿಗಣಿಸುತ್ತದೆ. ಅತ್ಯಂತ ನಿಖರ, ಆದರೆ ಗಣಕದ ಮೇಲೆ ಅಪಾರ ಹೊರೆ.
* ಪಟ್ಟಿ ಮಾದರಿಗಳು: ರೇಖೆಗಳ ಜೋಡಣೆಯನ್ನು ಸರಳೀಕರಿಸುತ್ತವೆ. ಎಲ್ಸಾಸರ್ ಮಾದರಿಯಲ್ಲಿ ರೇಖೆಗಳು ಸಮಾನ ಅಂತರದಲ್ಲಿರುತ್ತವೆ; ಗೂಡಿ ಮಾದರಿಯಲ್ಲಿ ಯಾದೃಚ್ಛಿಕವಾಗಿ ಹರಡಿರುತ್ತವೆ.
* ಬೂದು ಅನಿಲಗಳ ತೂಕಸಹಿತ ಮೊತ್ತ: ಹಾಯ್ಟ್ ಹಾಟೆಲ್ ರೂಪಿಸಿದ ಈ ವಿಧಾನವು ನೈಜ ಅನಿಲವನ್ನು ಕೆಲವೇ ಬೂದು ಅನಿಲಗಳ ಮಿಶ್ರಣವೆಂದು ಕಾಣುತ್ತದೆ. ಕುಲುಮೆಗಳ ಲೆಕ್ಕಾಚಾರದಲ್ಲಿ ಜನಪ್ರಿಯವಾಗಿದೆ.
* ಕೆ-ಹಂಚಿಕೆ: ಹೀರಿಕೆ ಗುಣಾಂಕಗಳನ್ನು ತರಂಗಾಂತರದ ಕ್ರಮದ ಬದಲು ಗಾತ್ರದ ಕ್ರಮದಲ್ಲಿ ಜೋಡಿಸುತ್ತದೆ. ಏರಿಳಿತಗಳ ರೇಖಾಚಿತ್ರವು ನಯವಾದ ವಕ್ರರೇಖೆಯಾಗುವುದರಿಂದ ಕೆಲವೇ ಬಿಂದುಗಳಲ್ಲಿ ಲೆಕ್ಕ ಮುಗಿಯುತ್ತದೆ.

ದತ್ತಾಂಶ ಮತ್ತು ಮಿತಿಗಳು

ರೋಹಿತ ರೇಖೆಗಳ ವಿವರಗಳನ್ನು ಹೈಟ್ರಾನ್ ದತ್ತಸಂಚಯ ಒದಗಿಸುತ್ತದೆ. ಬಿಸಿ ಅನಿಲಗಳಲ್ಲಿ, ಕೋಣೆಯ ಉಷ್ಣತೆಯಲ್ಲಿ ಗಣನೆಗೆ ಬಾರದ ಅನೇಕ ರೇಖೆಗಳು ಪ್ರಬಲವಾಗುವುದರಿಂದ ದಹನದ ಅಧ್ಯಯನಕ್ಕೆ ಹೈಟೆಂಪ್ ಎಂಬ ದತ್ತಸಂಚಯವಿದೆ. ಉಷ್ಣತೆ ಅಥವಾ ಸಂಯೋಜನೆ ಸ್ಥಳದಿಂದ ಸ್ಥಳಕ್ಕೆ ಬದಲಾದಾಗ ಕೆ-ಹಂಚಿಕೆಯ ಕ್ರಮವೂ ವ್ಯತ್ಯಾಸವಾಗಿ ನಿಖರತೆ ತಗ್ಗಬಹುದು. ಆದ್ದರಿಂದ ಸರಳೀಕೃತ ಮಾದರಿಗಳನ್ನು ರೇಖಾವಾರು ಲೆಕ್ಕಾಚಾರದ ಫಲಿತಾಂಶಗಳೊಂದಿಗೆ ಹೋಲಿಸಿ ಪರೀಕ್ಷಿಸುವುದು ವಾಡಿಕೆ.